ಬೇಲಿಗೊಂದು ತಡಬೆ ಇಡಿ

ಪ್ರಶ್ನೆ: ಮೇಡಂ, ನಾವು ಬೆಂಗಳೂರಿನವರು. ನನಗೆ 44 ವರ್ಷ, ಯಜಮಾನರಿಗೆ 50. ಇಪ್ಪತ್ತೈದು ವರ್ಷ ಕಂಪನಿ ಕೆಲಸ ಮಾಡಿ ಸಾಕಾಗಿ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ಎಕರೆ ಜಮೀನು ತೆಗೆದುಕೊಂಡೆವು. ಎರಡು ಎಕರೆ ಅಡಿಕೆ ತೋಟ, ಉಳಿದದ್ದು ಖುಷ್ಕಿ. ಮನೆ ಕಟ್ಟಿಕೊಂಡು ಬಂದು ಎರಡು ವರ್ಷವಾಯಿತು. ಮಗಳು ಏಳನೇ ಕ್ಲಾಸು, ಸಾಗರದ ಶಾಲೆಗೆ ವ್ಯಾನಿನಲ್ಲಿ ಹೋಗಿಬರುತ್ತಾಳೆ.

ಬಂದ ಹೊಸದರಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ನಮ್ಮ ಜಮೀನಿನ ನಡುವೆ ಒಂದು ಕಾಲುದಾರಿ ಇತ್ತು. ಹೊತ್ತು ಗೊತ್ತಿಲ್ಲದೆ ಜನ ಓಡಾಡುತ್ತಿದ್ದರು. ದನ ನುಗ್ಗಿ ನಾವು ಹಾಕಿದ್ದ ಹಣ್ಣಿನ ಗಿಡಗಳನ್ನೆಲ್ಲ ತಿಂದುಹಾಕಿದವು. ಕಳೆದ ಬೇಸಿಗೆಯಲ್ಲಿ ಸುತ್ತ ತಂತಿಬೇಲಿ ಹಾಕಿಸಿ, ಕಬ್ಬಿಣದ ಗೇಟು ಇಡಿಸಿದೆವು. ಪಹಣಿ, ಸರ್ವೆ ಎಲ್ಲ ನಮ್ಮ ಹೆಸರಿನಲ್ಲಿ ಸರಿಯಾಗಿದೆ. ಯಾರೂ ಬಂದು ಜಗಳವಾಡಲಿಲ್ಲ. ಆದರೆ ಅಲ್ಲಿಂದೀಚೆಗೆ ಊರೇ ಮೌನವಾಗಿದೆ. ಎದುರು ಸಿಕ್ಕರೆ "ಊಟ ಆಯ್ತಾ" ಎನ್ನುತ್ತಾರೆ, ಅಷ್ಟೇ. ಔಷಧಿ ಹೊಡೆಯಲು ಬರುತ್ತಿದ್ದವರಿಗೆ ಈಗ ಪುರುಸೊತ್ತಿಲ್ಲ. ಅಡಿಕೆ ಕೊನೆ ಕೊಯ್ಲಿಗೆ ಬಂದಿದೆ, ಹೆಚ್ಚು ದುಡ್ಡು ಕೊಡುತ್ತೇವೆಂದರೂ ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗುತ್ತಿಲ್ಲ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಊರಿನ ಎಲ್ಲ ಮನೆಗೂ ಹೋದರು, ನಮ್ಮ ಮನೆಗೆ ಬರಲಿಲ್ಲ. ಮಗಳು ರಾತ್ರಿ ಹನ್ನೊಂದೂವರೆಯ ತನಕ ಜಗಲಿಯಲ್ಲಿ ಕಾದು ಕೂತಿದ್ದಳು. ಹಾಡು ಪಕ್ಕದ ಮನೆಯಲ್ಲಿ ಕೇಳಿಸಿತು, ಆಮೇಲೆ ದೂರವಾಯಿತು.

ಪಕ್ಕದ ಮನೆಯ ಅಜ್ಜಿ ನಮ್ಮನ್ನು "ಹೊರಗಿನೋರು" ಎಂದು ಯಾರಿಗೋ ಹೇಳುತ್ತಿದ್ದರು. ಆದರೆ ಅವರ ಕುಟುಂಬವೂ ಲಿಂಗನಮಕ್ಕಿ ಮುಳುಗಡೆಯಲ್ಲಿ ಎದ್ದು ಬಂದದ್ದೇ ಅಂತೆ. ತಾವೇ ಇನ್ನೆಲ್ಲಿಂದಲೋ ಬಂದು ನಮ್ಮನ್ನು ಹೊರಗಿನವರು ಎನ್ನುವುದು ಯಾವ ನ್ಯಾಯ? ಯಜಮಾನರು, "ನಾವು ಯಾರ ಹಂಗಿನಲ್ಲೂ ಇಲ್ಲ. ಹೆಚ್ಚು ಮಾತಾಡಿದರೆ ಕಂಪ್ಲೇಂಟ್ ಕೊಡೋಣ, ಇಲ್ಲದಿದ್ದರೆ ಮಾರಿ ಹೋಗೋಣ" ಎನ್ನುತ್ತಾರೆ. ನನಗೆ ಎರಡೂ ಬೇಡ. ಏನು ಮಾಡಲಿ?

— ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ:

ತಂಗಿ, ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜಗಲಿಯಲ್ಲಿ ಕಾದು ಕೂತ ಆ ಹುಡುಗಿ. ಬೇಲಿ, ಗೇಟು, ಕೊನೆಗೌಡ ಎಲ್ಲ ದೊಡ್ಡವರ ವ್ಯವಹಾರ. ಅವಳು ಕಾದದ್ದು ದೀಪಕ್ಕೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಂಟಿಗೆ-ಪಂಟಿಗೆಯವರು ಊರ ದೇವರ ಮುಂದೆ ಹಚ್ಚಿದ ದೀಪ ಹಿಡಿದು ಕತ್ತಲಲ್ಲಿ ಹೊರಡುತ್ತಾರೆ. ಆ ದೀಪ ಆರುವಂತಿಲ್ಲ. ಗಾಳಿಗೆ ಒಬ್ಬ ಕೈ ಅಡ್ಡ ಹಿಡಿದಿರುತ್ತಾನೆ, ಇನ್ನೊಬ್ಬನ ಹತ್ತಿರ ಎಣ್ಣೆ ಇರುತ್ತದೆ. ಮನೆಯ ಮುಂದೆ ನಿಂತು ಬಾಗಿಲು ತೆಗೆಯಿರೆಂದು ಹಾಡುತ್ತಾರೆ. ಮನೆಯಾಕೆ ಬಾಗಿಲು ತೆಗೆದು, ಅವರ ದೀಪಕ್ಕೆ ಎಣ್ಣೆ ಎರೆದು, ಅದೇ ದೀಪದಿಂದ ತನ್ನ ಮನೆಯ ದೀಪ ಹಚ್ಚಿಕೊಳ್ಳುತ್ತಾಳೆ. ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸುತ್ತಾರೆ. ಮುಚ್ಚಿದ ಬಾಗಿಲನ್ನು ಹಾಡಿ ತೆಗೆಸುವ ಜನ ಅವರು. ಆದರೆ ಮುಚ್ಚಿದ ಗೇಟಿನ ಹೊರಗೆ ನಿಂತು ಅವರು ಯಾವ ಬಾಗಿಲಿಗೆ ಹಾಡಬೇಕು? ಇನ್ನೂ ಒಂದು ವಿಷಯವಿದೆ. ಅವರು ಹೋಗುವುದು ಡಾಂಬರು ರಸ್ತೆಯಲ್ಲಲ್ಲ. ಗದ್ದೆ ಬದು, ತೋಟದ ಅಂಚು, ಕಾಲುದಾರಿ ಹಿಡಿದು ಮನೆಯಿಂದ ಮನೆಗೆ ದಾಟುತ್ತಾರೆ. ಪಕ್ಕದ ಮನೆಯಿಂದ ನಿಮ್ಮ ಮನೆಗೆ ಬರುವ ದಾರಿ ನೀವು ಮುಚ್ಚಿಸಿದ ಆ ಕಾಲುದಾರಿಯೇ ಆಗಿತ್ತೇನೋ, ಒಮ್ಮೆ ಕೇಳಿ ನೋಡಿ. ನಿಮ್ಮನ್ನು ಬೇಕೆಂದೇ ಬಿಟ್ಟಿರಲಿಕ್ಕೂ ಸಾಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬರಬೇಕೆಂದಿದ್ದರೂ ಅವರಿಗೆ ದಾರಿ ಇರಲಿಲ್ಲವೇನೋ.

ಹೊರಗಿನಿಂದ ಬಂದವರಿಗೆ ಕಾಲುದಾರಿ ಎಂದರೆ ಜಾಗದ ಮೇಲೆ ಬಿದ್ದ ಗೆರೆಯಂತೆ ಕಾಣುತ್ತದೆ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ, ಹಳ್ಳ, ತೋಟ ಇರುತ್ತವೆ. ಅಲ್ಲಿ ಆ ಗೆರೆಯೇ ಊರು. ಬೆಳಿಗ್ಗೆ ಡೇರಿಗೆ ಹಾಲು, ಸಂಜೆ ಬಸ್ಸಿಳಿದ ಮಕ್ಕಳು, ವರ್ಷಕ್ಕೊಮ್ಮೆ ಚೌಡಿಬನಕ್ಕೆ ಹಣ್ಣುಕಾಯಿ, ಎಲ್ಲ ಅದರ ಮೇಲೆ ಹೋಗುತ್ತವೆ. ಭೂಮಿಹುಣ್ಣಿಮೆಯ ದಿನ ಬೆಳಕು ಹರಿಯುವ ಮುಂಚೆ ದೀವರ ಮನೆಗಳವರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ತಮ್ಮ ಗದ್ದೆಗೆ ಚರಗ ಬೀರಲು ಹೋಗುತ್ತಾರೆ. ಹೆಂಗಸರು ದಿನಗಟ್ಟಲೆ ಕೂತು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಎಳೆ ಎಳೆಯಾಗಿ ಬರೆದ ಬುಟ್ಟಿ ಅದು. ಈ ಸಲ ಅದನ್ನು ಹೊತ್ತು ನಿಮ್ಮ ಬೇಲಿಯನ್ನು ಸುತ್ತಿಕೊಂಡು ಎಷ್ಟು ದೂರ ನಡೆದರೋ. ಅವರು ನಿಮಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಕಾಗದದ ಮಾತನ್ನೂ ಆಡಿಬಿಡೋಣ, ಯಜಮಾನರಿಗೆ ಅದು ಮುಖ್ಯ. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ನಿಮ್ಮ ಖರೀದಿಯ ಬಗ್ಗೆ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಪಹಣಿಯಲ್ಲಿ ದಾರಿ ಬರೆದಿಲ್ಲ ಎಂದ ಮಾತ್ರಕ್ಕೆ ದಾರಿಯ ಹಕ್ಕೇ ಇಲ್ಲ ಎಂದಾಗುವುದಿಲ್ಲ. ಸರ್ವೆ ಇಲಾಖೆಯಿಂದ ಗ್ರಾಮನಕಾಶೆಯ ಪ್ರತಿ ತರಿಸಿ ನೋಡಿ. ಬಂಡಿದಾರಿ, ಕಾಲುದಾರಿಗಳನ್ನು ಅದರಲ್ಲಿ ಚುಕ್ಕೆಗೆರೆಯಲ್ಲಿ ಗುರುತು ಮಾಡಿರುತ್ತಾರೆ. ಜನ "ನಕಾಶೆಕಂಡ ದಾರಿ" ಎನ್ನುವುದು ಅದನ್ನೇ. ನಕಾಶೆಯಲ್ಲಿ ಇಲ್ಲದಿದ್ದರೂ, ಯಾರ ಅನುಮತಿಯನ್ನೂ ಕೇಳದೆ ಎಲ್ಲರೂ ಕಾಣುವಂತೆ 20 ವರ್ಷ ಎಡೆಬಿಡದೆ ನಡೆದ ದಾರಿಯ ಮೇಲೆ ನಡೆದವರಿಗೆ ಹಕ್ಕು ಬರುತ್ತದೆ ಎಂದು 1882ರ ಈಸ್‌ಮೆಂಟ್ ಕಾಯಿದೆ ಹೇಳುತ್ತದೆ. ಪೊಲೀಸ್ ಕಂಪ್ಲೇಂಟಿಗೆ ಹೋಗುವ ಮೊದಲು ಇದು ಗೊತ್ತಿರಲಿ. ಕಾಗದ ಹಿಡಿದು ಹೊರಟರೆ ನೀವೇ ಗೆಲ್ಲುತ್ತೀರಿ ಎಂದೇನಿಲ್ಲ. ಗೆದ್ದರೂ ಆಮೇಲೆ ಅದೇ ಊರಿನಲ್ಲಿ ಬದುಕಬೇಕು.

ಈಗ ಮುಳುಗಡೆಯ ಅಜ್ಜಿಯ ಮಾತು. ಇದರ ಬಗ್ಗೆ ಬರೆಯುವಾಗ ನಾನು ದೂರ ನಿಂತು ಬರೆಯಲಾರೆ, ನನ್ನ ತಾಯಿಯ ತಾಯಿಯೂ ಮುಳುಗಡೆಯವರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ತೋಟ, ಗದ್ದೆ, ದೇವಸ್ಥಾನ, ಹೆಣ ಸುಟ್ಟ ಜಾಗ ಎಲ್ಲ ನೀರಿಗೆ ಹೋದವು. ಅದಕ್ಕೂ ಮೊದಲು 1948ರ ಹಿರೇಭಾಸ್ಕರ ಅಣೆಕಟ್ಟಿಗೆ ಒಮ್ಮೆ ಎದ್ದು, ಮತ್ತೆ ಲಿಂಗನಮಕ್ಕಿಗೆ ಎರಡನೇ ಸಲ ಎದ್ದವರೂ ಇದ್ದಾರೆ. ಲಾರಿಯಲ್ಲಿ ಸಾಮಾನು, ದನಕರು ತುಂಬಿಸಿ ತಂದು ಗುರುತಿಲ್ಲದ ಕಾಡಿನ ಅಂಚಿನಲ್ಲಿ ಇಳಿಸಿದರು. ಅರವತ್ತು ವರ್ಷ ಕಳೆದರೂ ಆ ಜಮೀನಿನ ಹಕ್ಕುಪತ್ರ ಎಷ್ಟೋ ಕುಟುಂಬಗಳ ಕೈಗೆ ಬಂದಿಲ್ಲ. ಕಾಡು ಕಡಿದು ಗದ್ದೆ ಮಾಡಿ, ಮೂರು ತಲೆಮಾರು ಉತ್ತು ಉಂಡರೂ, ಕಾಗದದಲ್ಲಿ ಅದು ಅರಣ್ಯ.

ಅಂಥವರ ಪಕ್ಕದಲ್ಲಿ ಎರಡು ವರ್ಷದ ಹಿಂದೆ ಬಂದ ನೀವು ಅಚ್ಚುಕಟ್ಟಾದ ಪಹಣಿ ತೋರಿಸಿ ಬೇಲಿ ಹಾಕಿದಿರಿ. ನೀವು ತಪ್ಪು ಮಾಡಿದಿರಿ ಎನ್ನುತ್ತಿಲ್ಲ. ಆ ಅಜ್ಜಿಯ ಕಣ್ಣಿಗೆ ಅದು ಹೇಗೆ ಕಂಡಿರಬಹುದು ಎನ್ನುವುದನ್ನು ಹೇಳುತ್ತಿದ್ದೇನೆ. ಒಮ್ಮೆ ಸರ್ಕಾರ ಬಂದು "ಇದು ನಿಮ್ಮದಲ್ಲ, ಏಳಿ" ಎಂದ ಮಾತು ಕಿವಿಯಲ್ಲಿ ಉಳಿದವರಿಗೆ ಹೊಸ ಬೇಲಿ ಬರೀ ಬೇಲಿಯಾಗಿ ಕಾಣುವುದಿಲ್ಲ. ಸಾಗರದಲ್ಲೇ ಬಾಳಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು ಈ ಜನರ ಬಗ್ಗೆ "ಮುಳುಗಡೆ", "ದ್ವೀಪ" ಕಾದಂಬರಿಗಳನ್ನು ಬರೆದಿದ್ದಾರೆ. ಮಳೆಗಾಲದ ರಾತ್ರಿಗಳಲ್ಲಿ ಇಬ್ಬರೂ ಓದಿ. ಯಾರ ಪಕ್ಕದಲ್ಲಿ ಮನೆ ಕಟ್ಟಿದ್ದೀರಿ ಎನ್ನುವುದು ಗೊತ್ತಾಗುತ್ತದೆ.

ನಮ್ಮಜ್ಜಿ ಇಳಿದ ಊರಿನವರೂ ಮುಳುಗಡೆಯವರನ್ನು ಬಹಳ ದಿನ ಮಾತಾಡಿಸಲಿಲ್ಲವಂತೆ. ಕಾರಣ ಇತ್ತು. ಇವರಿಗೆ ಕೊಟ್ಟದ್ದು ಅವರ ದನ ಮೇಯುತ್ತಿದ್ದ, ಅವರು ಸೊಪ್ಪು ಕಡಿಯುತ್ತಿದ್ದ ಜಾಗ. ಕೊಟ್ಟದ್ದು ಸರ್ಕಾರ, ಸಿಟ್ಟು ಬಂದದ್ದು ಬಂದವರ ಮೇಲೆ. ಒಂದು ದಿನ ನಮ್ಮಜ್ಜಿ ತೆಂಗಿನ ಗರಟೆ ಹಿಡಿದುಕೊಂಡು ಹತ್ತಿರದ ಮನೆಗೆ ಹೋಗಿ, "ಅಮ್ಮ, ಒಲೆ ಆರಿಹೋಯ್ತು, ಒಂದು ಚೂರು ಕೆಂಡ ಕೊಡ್ತ್ರಾ?" ಎಂದು ಕೇಳಿದರಂತೆ. ಆ ಮನೆಯಮ್ಮ ಒಲೆಯಿಂದ ಎರಡು ಕೆಂಡ ತೆಗೆದು, ಕೆಳಗೆ ಬೂದಿ ಹಾಸಿ ಗರಟೆಯೊಳಗಿಟ್ಟು, "ನಿಂದು ಯಾವೂರಾಯ್ತೇ?" ಎಂದರು. ನಮ್ಮಜ್ಜಿ ಊರಿನ ಹೆಸರು ಹೇಳಿದರು. ಆ ಊರು ಆಗಲೇ ನೀರೊಳಗಿತ್ತು. ಬಂದಮೇಲೆ ಒಬ್ಬರು ಅದನ್ನು ಕೇಳಿದ್ದು ಅದೇ ಮೊದಲು. ಈ ಕತೆಯನ್ನು ನಮಗೆ ಹೇಳುವಾಗಲೆಲ್ಲ ಕೊನೆಗೆ ಅಜ್ಜಿ ಸೊಂಟದಲ್ಲಿ ಸೀರೆ ಮಡಚಿ ಸಿಕ್ಕಿಸಿದ ಬಾಳೆಕಾಯಿ ಮುಟ್ಟಿ ತೋರಿಸುತ್ತಿದ್ದರು: "ಬೆಂಕಿಪೊಟ್ಟಣ ಇಲ್ಲೇ ಇತ್ತು ನನ್ನತ್ರ."

ತಂಗಿ, ನಿಮ್ಮ ಯಜಮಾನರ "ನಾವು ಯಾರ ಹಂಗಿನಲ್ಲೂ ಇಲ್ಲ" ಎಂಬ ಮಾತು ಓದಿದಾಗ ನನಗೆ ಆ ಬೆಂಕಿಪೊಟ್ಟಣ ನೆನಪಾಯಿತು. ಪಟ್ಟಣದಲ್ಲಿ ಅದು ಮರ್ಯಾದೆಯ ಮಾತು. ಕೆಲಸ ಮಾಡಿದವನಿಗೆ ಅವತ್ತೇ ದುಡ್ಡು ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಒಳ್ಳೆಯ ನಡತೆ. ಹಳ್ಳಿಯಲ್ಲಿ ಲೆಕ್ಕ ಚುಕ್ತಾ ಆಯಿತೆಂದರೆ ಸಂಬಂಧ ಮುಗಿಯಿತು ಎಂದರ್ಥ. ಅಲ್ಲಿ ನಡೆಯುವುದು ಮುಯ್ಯಿ. ಇವತ್ತು ನಮ್ಮ ನಾಟಿಗೆ ನೀವು ಬಂದರೆ ನಾಳೆ ನಿಮ್ಮ ನಾಟಿಗೆ ನಾವು. ಸೇರು ಅಕ್ಕಿ ಕಡ ತಂದರೆ ಕೊಡುವಾಗ ಮೇಲೊಂದು ಹಿಡಿ ಹಾಕುತ್ತಾರೆ. ಆ ಹಿಡಿ ಅಕ್ಕಿ ಬಡ್ಡಿಯಲ್ಲ, ಮತ್ತೆ ಬರುತ್ತೇನೆ ಎನ್ನುವ ಮಾತು. ಯಾವಾಗಲೂ ಒಂದು ಕಡೆ ಏನಾದರೂ ಬಾಕಿ ಇರುತ್ತದೆ. ಆ ಬಾಕಿಯೇ ನೆರೆಹೊರೆ. ನೀವು ಎರಡು ವರ್ಷದಲ್ಲಿ ಯಾರ ಮನೆಯಿಂದಲಾದರೂ ಹೆಪ್ಪಿಗೆ ಒಂದು ಲೋಟ ಮಜ್ಜಿಗೆ ಕೇಳಿ ತಂದಿದ್ದೀರಾ? ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಎಲ್ಲವನ್ನೂ ಕೊಂಡಿದ್ದೀರಿ. ಬೇಲಿ ಬಿದ್ದದ್ದು ಕಳೆದ ಬೇಸಿಗೆಯಲ್ಲಿ. ನನಗನ್ನಿಸುವುದು, ಏನನ್ನೂ ಕೇಳದೆ ಬದುಕಿದ ಆ ಎರಡು ವರ್ಷವೇ ಅದಕ್ಕಿಂತ ದೊಡ್ಡ ಬೇಲಿ.

ಕೊನೆಗೌಡನಿಗೆ ಹೆಚ್ಚು ದುಡ್ಡು ಕೊಡುತ್ತೇನೆಂದದ್ದೂ ಅದಕ್ಕೇ ತಿರುಗುಬಾಣವಾಯಿತು. ಅವನಿಗೆ ಯಾವ ತೋಟದ ನಂತರ ಯಾವ ತೋಟ ಎಂಬ ಸರದಿ ಇರುತ್ತದೆ. ಎಷ್ಟೋ ವರ್ಷದಿಂದ ಅವನ ಕಷ್ಟಕ್ಕೆ ಆದ ಮನೆಗಳವು. ದುಡ್ಡಿಗಾಗಿ ಸರದಿ ಮುರಿದು ನಿಮ್ಮ ತೋಟಕ್ಕೆ ಹತ್ತಿದರೆ ಹತ್ತು ಮನೆಗೆ ಅವನು ಮುಖ ತೋರಿಸುವುದು ಹೇಗೆ? ನಿಮ್ಮ ದುಡ್ಡು ಅವನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಈ ವರ್ಷ ಸ್ವಲ್ಪ ಅಡಿಕೆ ಮರದಲ್ಲೇ ಹಣ್ಣಾಗಿ ಗೋಟಾದರೂ ಆಗಲಿ. ಕೆಂಪಡಿಕೆಯ ಬೆಲೆ ಸಿಗಲಿಕ್ಕಿಲ್ಲ, ಆದರೆ ಬೆಳೆ ಪೂರ್ತಿ ಹಾಳಾಗುವುದಿಲ್ಲ. ಪಕ್ಕದ ಮನೆಗೆ ಹೋಗಿ, "ನಿಮ್ಮ ಕೊಯ್ಲು ಮುಗಿದ ಮೇಲೆ ನಮ್ಮದಕ್ಕೂ ಒಂದು ಮಾತು ಹೇಳ್ತೀರಾ?" ಎಂದು ಕೇಳಿ. ಹಾಗೆ ಕೇಳಿದರೆ ಅವರಿಗೆ ಹೇಳಲು ಒಂದು ಜಾಗ ಕೊಟ್ಟಂತಾಯಿತು.

ಆದರೆ ಅದಕ್ಕೂ ಮುಂಚೆ ದಾರಿ.

ಇಬ್ಬರೂ ನಡೆದುಕೊಂಡೇ ಹೋಗಿ, ಕಾರು ಬೇಡ. ಬೇಕರಿಯ ಸ್ವೀಟ್ ಬಾಕ್ಸ್ ಕೂಡ ಬೇಡ, ಅದು ಮತ್ತೆ ಲೆಕ್ಕ ಚುಕ್ತಾ ಮಾಡುವ ದಾರಿಯಾಗುತ್ತದೆ. ಮೊದಲು ಆ ಅಜ್ಜಿಯ ಮನೆಗೆ ಹೋಗಿ. ಜಗಲಿಯ ಮೇಲೆ ಕೂರಿ. ನೀರು, ಬೆಲ್ಲ ತಂದಿಡುತ್ತಾರೆ, ತೆಗೆದುಕೊಳ್ಳಿ. ಕವಳದ ತಟ್ಟೆ ಮುಂದೆ ಸರಿಸಿದರೆ ಅಭ್ಯಾಸ ಇಲ್ಲದಿದ್ದರೂ ಒಂದು ಅಡಿಕೆ ಹೋಳನ್ನಾದರೂ ಬಾಯಿಗೆ ಹಾಕಿಕೊಳ್ಳಿ. ಆಮೇಲೆ, "ಅಮ್ಮ, ನಮ್ಮ ಜಾಗದಲ್ಲಿದ್ದ ದಾರಿ ಎಲ್ಲೆಲ್ಲಿಗೆ ಹೋಗ್ತಿತ್ತು? ಗೊತ್ತಿಲ್ಲದೆ ಮುಚ್ಚಿಸಿಬಿಟ್ವಿ" ಎಂದು ಹೇಳಿ ಸುಮ್ಮನಾಗಿ. "ದಾರಿ ಬಿಡುತ್ತೇವೆ" ಎನ್ನಬೇಡಿ. ಆ ಮಾತಿನಲ್ಲಿ ಕೊಡುವವರು, ಪಡೆಯುವವರು ಎಂಬ ಮೆಟ್ಟಿಲು ಬಂದುಬಿಡುತ್ತದೆ. ಅವರು ಮಾತಾಡಲಿ. ಒಂದಿಷ್ಟು ಕುಟುಕುಮಾತೂ ಬರಬಹುದು. ಯಜಮಾನರು ಅದಕ್ಕೆ ಉತ್ತರ ಕೊಡಬಾರದು. ಹೋಗುವ ಮೊದಲೇ ಇದನ್ನು ಅವರ ಹತ್ತಿರ ಒಪ್ಪಿಸಿಕೊಳ್ಳಿ.

ಬೇಲಿ ಕಿತ್ತು ಹಾಕಿ ಎಂದು ನಾನು ಹೇಳುವುದಿಲ್ಲ. ದನ ನುಗ್ಗಿ ಗಿಡ ತಿಂದದ್ದು ನಿಜವಾದ ನಷ್ಟ. ದನ ಕಟ್ಟಿಕೊಳ್ಳುವುದು ದನದ ಒಡೆಯನ ಹೊಣೆ, ಅದನ್ನು ಮೆಲ್ಲಗೆ ಹೇಳುವ ಹಕ್ಕು ನಿಮಗಿದೆ. ಆದರೆ ದನ ಬರಬಾರದು, ಜನ ಬರಬೇಕು ಎಂಬ ಸಮಸ್ಯೆಗೆ ಮಲೆನಾಡು ಎಂದೋ ಉತ್ತರ ಕಂಡುಕೊಂಡಿದೆ. ತಡಬೆ ನೋಡಿದ್ದೀರಾ? ಬೇಲಿಯ ನಡುವೆ ಒಂದು ಕವಲುಮರ ಹುಗಿದು ಮೆಟ್ಟಲು ಎರಡು ಕಟ್ಟಿಗೆ ಇಟ್ಟಿರುತ್ತಾರೆ. ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನಕ್ಕೆ ಆಗುವುದಿಲ್ಲ. ತಲೆಹೊರೆ ಇದ್ದವರಿಗೆ, ಗಾಡಿಗೆ ದಾರಿ ಬೇಕಾದಲ್ಲಿ ಉಣುಗೋಲು. ಎರಡು ಗೂಟಕ್ಕೆ ತೂತು ಕೊರೆದು ಬಿದಿರಿನ ಗಳ ಅಡ್ಡ ತೂರಿಸುವುದು, ಬೇಕಾದಾಗ ಸರಿಸಿ ದಾಟಿ ಮತ್ತೆ ಮುಚ್ಚುವುದು. ಕೆಲವು ಕಡೆ ಅದಕ್ಕೇ ದಣಪೆ ಎನ್ನುತ್ತಾರೆ. ಅದಕ್ಕೆ ಬೀಗ ಇರುವುದಿಲ್ಲ. ದಾಟಿದವನು ಮುಚ್ಚಿ ಹೋಗುತ್ತಾನೆ ಎಂಬ ನಂಬಿಕೆಯ ಮೇಲೆ ಅದು ನಿಂತಿರುತ್ತದೆ. ವೆಲ್ಡಿಂಗ್ ಅಂಗಡಿಗೆ ಹೇಳಿ ಮಾಡಿಸಬೇಡಿ. ಊರಿನಲ್ಲಿ ಕೈ ಪಳಗಿದವರು ಯಾರಿದ್ದಾರೆ ಎಂದು ಕೇಳಿ, ಅವರಿಂದಲೇ ಹಾಕಿಸಿ. ಯಜಮಾನರು ಜೊತೆಗೆ ನಿಂತು ಗುಂಡಿ ತೋಡಲಿ. ಎಲ್ಲಿ ಇಡಬೇಕೆಂದು ಅಜ್ಜಿಯೇ ಬಂದು ತೋರಿಸಿದರೆ ಅರ್ಧ ಕೆಲಸ ಆದಂತೆ.

ದಾರಿ ತೆರೆದರೆ ನಿಮಗೇ ಬೇಕಾದ ಇನ್ನೊಂದು ವಿಷಯ ಒಳಗೆ ಬರುತ್ತದೆ: ಸುದ್ದಿ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಜೀವಗಳನ್ನು ತೆಗೆಯಿತು. ಚಳಿ ಕಳೆದು ಬಿಸಿಲು ಏರುವ ಕಾಲಕ್ಕೆ ಕಾಡಿನ ಅಂಚಿನಲ್ಲಿ ಮಂಗ ಸತ್ತು ಬಿದ್ದರೆ ಮೊದಲು ಕಾಣುವುದು ಸೊಪ್ಪಿಗೆ, ದರಕಿಗೆ ಹೋದವರಿಗೆ. ಅವರು ಬಂದು, "ಆ ಕಡೆ ಹೋಗಬೇಡಿ, ಮಗಳನ್ನೂ ಬಿಡಬೇಡಿ" ಎನ್ನಬೇಕು. ನಿಮ್ಮ ಗೇಟಿನ ಮುಂದೆ ಬೆಲ್ ಒತ್ತಿ ಹೇಳಿ ಹೋಗುವ ಸುದ್ದಿಯಲ್ಲ ಅದು, ದಾಟಿ ಹೋಗುವಾಗ ಬಾಯಿಗೆ ಬರುವ ಸುದ್ದಿ.

ಒಂದು ಎಚ್ಚರಿಕೆ ಹೇಳಲೇಬೇಕು. ಮಾತು ಶುರುವಾದ ಎರಡನೇ ದಿನವೋ ಮೂರನೇ ದಿನವೋ ಯಾರಾದರೂ "ನೀವು ಎಂತ ಜನ?" ಎಂದು ಜಾತಿ ಕೇಳುತ್ತಾರೆ. ಈಗಾಗಲೇ ಕೇಳಿರಲೂಬಹುದು. ಊರಿಗೆ ಊರಿನದೇ ಒಳಬೇಲಿಗಳಿವೆ, ಅವು ನಿಮ್ಮ ತಂತಿಗಿಂತ ಹಳೆಯವು. ಉತ್ತರ ಕೊಡುವುದು, ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಒಂದೇ ಕೇರಿಯ ಜಗಲಿಯಲ್ಲಿ ಕೂತು ಉಳಿದವರಿಗೆ ಹೊರಗಿನವರಾಗಬೇಡಿ. ದಾರಿಯಲ್ಲಿ ನಡೆಯುತ್ತಿದ್ದ ಎಲ್ಲ ಮನೆಗೂ ಹೋಗಿ, ಕೂಲಿಗೆ ಬರುತ್ತಿದ್ದವರ ಮನೆಗೂ. ಅಲ್ಲೂ ನೀರು ಕುಡಿಯಿರಿ. ಇದನ್ನು ಕೆಲವರು ಮೆಚ್ಚದಿದ್ದರೆ ಮೆಚ್ಚದೇ ಇರಲಿ. ಊರಿಗೆ ಹೊಂದಿಕೊಳ್ಳುವುದೆಂದರೆ ಊರಿನ ತಪ್ಪಿಗೂ ಹೊಂದಿಕೊಳ್ಳುವುದಲ್ಲ.

ಈ ಪುಟವನ್ನು ಆ ಊರಿನವರು ಓದುತ್ತಿದ್ದರೆ ಅವರಿಗೂ ಒಂದು ಮಾತು. ಬೇಲಿಯ ಗೂಟ ಹುಗಿಯುವ ದಿನ ನೀವು ನೋಡಿದ್ದೀರಿ. "ಇದು ನಮ್ಮ ಓಡಾಟದ ದಾರಿ" ಎಂದು ಒಬ್ಬರಾದರೂ ಹೋಗಿ ಹೇಳಬೇಕಿತ್ತು. ಹೇಳದೆ ಇದ್ದು, ಆಮೇಲೆ ಮುಖ ತಿರುಗಿಸಿದ್ದು ಸರಿಯಲ್ಲ. ಮಲೆನಾಡಿನವರಿಗೆ ಮುಖದ ಮೇಲೆ "ಬೇಡ" ಎನ್ನಲು ಬರುವುದಿಲ್ಲ ಎನ್ನುವುದು ನನಗೂ ಗೊತ್ತು, ನಾನೂ ಅಲ್ಲಿಯವಳೇ. ಆದರೆ ಹೊಸಬರಿಗೆ ನಿಮ್ಮ ಮೌನದ ಅರ್ಥ ಯಾರು ಹೇಳಿಕೊಡಬೇಕು? ದೀಪ ಹಿಡಿದು ಹೊರಟವರು ಒಂದು ಮನೆಯನ್ನು ಬಿಟ್ಟು ಮುಂದೆ ಹೋದದ್ದು ನನಗೆ ತುಂಬ ನೋವು ಕೊಟ್ಟಿತು. ಗೇಟಿನ ಹೊರಗೆ ನಿಂತು ಒಂದು ಕೂಗು ಹಾಕಬಹುದಿತ್ತು.

ತಂಗಿ, ಜಮೀನು ಮಾರುವ ಮಾತನ್ನು ಮುಂದಿನ ದೀಪಾವಳಿಯವರೆಗೆ ಎತ್ತಬೇಡಿ. ಅಲ್ಲಿಯ ತನಕ ಒಂದು ವರ್ಷ ಬೇರೆ ರೀತಿಯಲ್ಲಿ ನೋಡಿ. ಈಗ ಅಡಿಕೆ ಸುಲಿಯುವ ಕಾಲ. ಸಂಜೆಯಾದ ಮೇಲೆ ಪಕ್ಕದ ಮನೆಯ ಚಪ್ಪರದಲ್ಲಿ ಲೈಟು ಹಾಕಿಕೊಂಡು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತಿರುತ್ತಾರೆ. ಮಗಳನ್ನು ಕರೆದುಕೊಂಡು ಹೋಗಿ, "ನಮಗೂ ಹೇಳಿಕೊಡಿ" ಎನ್ನಿ. ಮೊದಲ ದಿನ ಬೆರಳು ಕುಯ್ದುಕೊಳ್ಳುತ್ತೀರಿ, ಯಾರೋ ಅರಿಶಿನ ಮೆತ್ತುತ್ತಾರೆ. ನಿಮ್ಮ ಮನೆಯಲ್ಲಿ ಮೆಟ್ಟುಗತ್ತಿ ಇದ್ದರೂ ಒಂದನ್ನು ಕೇಳಿ ತನ್ನಿ. ತಕ್ಷಣ ವಾಪಸ್ ಕೊಡಬೇಡಿ, ನಾಲ್ಕು ದಿನ ಇಟ್ಟುಕೊಂಡು ಕೊಡಿ. ಕೊಡುವಾಗ ಮೇಲೆ ಒಂದು ಹಿಡಿ ಏನು ಹಾಕಬೇಕೆಂದು ನಿಮಗೇ ತೋಚುತ್ತದೆ.

ದೀಪಾವಳಿಯ ಹೊತ್ತಿಗೆ ತಡಬೆಯ ಹತ್ತಿರ ಹುಲ್ಲು ಸವರಿ ಚೊಕ್ಕ ಮಾಡಿಸಿ. ಬಲಿಪಾಡ್ಯಮಿಯ ರಾತ್ರಿ ನಾಯಿಯಿದ್ದರೆ ಹಿತ್ತಲಲ್ಲಿ ಕಟ್ಟಿ. ಹೊಸಿಲ ಹತ್ತಿರ ಬತ್ತಿ ಹಾಕಿದ ಹಣತೆಯನ್ನು ಹಚ್ಚದೆ ಇಡಿ, ಪಕ್ಕದಲ್ಲಿ ಒಂದು ಕುಡಿಕೆ ಎಣ್ಣೆ, ಮೊರದಲ್ಲಿ ಅಕ್ಕಿ, ಕಾಯಿ. ಎಣ್ಣೆ ಎರೆಯುವ ಕೆಲಸ ಮಗಳದ್ದಾಗಲಿ. ಎಷ್ಟು ಗಂಟೆಗೆ ಬಂದರು ಎಂದು ನನಗೆ ಬರೆಯಿರಿ.